ಬೆಣಚುಕುಂಟೆಯ ಕಂಬ

ನಮ್ಮೂರಿನ ಟೌನ್ ಹಾಲನ್ನು ಕಟ್ಟಿಸಲು ಶುರು ಮಾಡಿದ್ದು ಒಬ್ಬ ಅಮಲ್ದಾರರು. ಅರ್ಧಕ್ಕೆ ನಿಲ್ಲಿಸಿದ್ದೂ ಅವರೇ. ಅದು ಮಹಾರಾಜರ ಕಾಲ. ಗೋಡೆ ಎದ್ದ ಮೇಲೆ ಮೇಲಿನಿಂದ ಬರಬೇಕಾಗಿದ್ದ ಹಣ ಬರಲಿಲ್ಲ. ಮೇಲೆ ಸೂರು ಹಾಕಬೇಕು, ಹೊರುವುದಕ್ಕೆ ಕಂಬವಿಲ್ಲ. ಆಗ ಅಮಲ್ದಾರರು ಸುತ್ತಲ ಹಳ್ಳಿಗಳ ಪಟೇಲರನ್ನೆಲ್ಲ ಕರೆಸಿ, "ಊರಿಗೊಂದು ಕಂಬ ತನ್ನಿ, ನಿಮ್ಮ ಕಂಬಕ್ಕೆ ನೀವೇ ಒರಗಿಕೊಳ್ಳಿ" ಎಂದರಂತೆ. ಕೋಲಾರದ ಸೀಮೆಯಲ್ಲಿ ಕಲ್ಲಿಗೆ ಬರವೇ? ನೀರು ಕೇಳಿದರೆ ಮುಖ ತಿರುಗಿಸುವವನೂ ಕಲ್ಲು ಕೇಳಿದರೆ ಎತ್ತಿ ಕೊಡುತ್ತಾನೆ. ಕೆಲವು ಸಲ ಎತ್ತಿ ಹಾಕುತ್ತಾನೆ.

ಹನ್ನೆರಡು ಊರುಗಳವರು ತಮ್ಮ ತಮ್ಮ ಬಂಡೆಯಿಂದ ಸೀಳಿದ ಕಂಬಗಳನ್ನು ಎತ್ತಿನ ಗಾಡಿಗಳಲ್ಲಿ ಹೇರಿಕೊಂಡು ಬಂದರು. ಒಂದು ಊರಿನವರು ತಮ್ಮ ಕಂಬಕ್ಕೆ ಗಿಳಿ ಕೆತ್ತಿಸಿದರು. ಅದನ್ನು ಕಂಡು ಹೊಟ್ಟೆಯುರಿದ ಪಕ್ಕದ ಊರಿನವರು ನವಿಲು ಕೆತ್ತಿಸಲು ಹೋದರು. ಕಲ್ಲುಕುಟಿಗನಿಗೆ ಸರಿಯಾಗಿ ಊಟ ಹಾಕಲಿಲ್ಲವೋ ಏನೋ, ಆ ನವಿಲು ಕೋಳಿಯಾಯಿತು. ಇವತ್ತಿಗೂ ಅವರಿಗೆ ಕೋಳಿಕಂಬದವರು ಎಂದೇ ಹೆಸರು. ಬೆಣಚುಕುಂಟೆಯವರ ಕಂಬಕ್ಕೆ ಮಾತ್ರ ಯಾವ ಕೆತ್ತನೆಯೂ ಇರಲಿಲ್ಲ. ಬೂದು ಕಲ್ಲಿನ ಮೈಮೇಲೆ ಬೆರಳು ದಪ್ಪದ ಬಿಳಿಯ ಬೆಣಚಿನ ಗೆರೆಯೊಂದು ನೆತ್ತಿಯಿಂದ ಬುಡದವರೆಗೆ ಓರೆಯಾಗಿ ಇಳಿದಿತ್ತು. "ನಮ್ಮೂರಲ್ಲಿ ಜನಿವಾರ ಹಾಕ್ಕೊಂಡಿರೋದು ಕಂಬ ಒಂದೇ" ಎಂದು ಆ ಊರಿನವರೇ ನಗುತ್ತಿದ್ದರು.

ಕಂಬಗಳು ನಿಂತ ದಿನದಿಂದ ಒಂದು ಪದ್ಧತಿ ಬಂತು. ಹಾಲಿನಲ್ಲಿ ಯಾವ ಸಭೆಯೇ ಇರಲಿ, ಕೆರೆ ನೀರಿನ ಪಂಚಾಯ್ತಿಯಾಗಲಿ, ರೇಷ್ಮೆ ಇಲಾಖೆಯ ಭಾಷಣವಾಗಲಿ, ಕುರುಕ್ಷೇತ್ರ ನಾಟಕವಾಗಲಿ, ಶುರುವಾಗುವ ಮೊದಲು ಊರು ಕೂಗಬೇಕು. ಒಬ್ಬ ವೇದಿಕೆಯ ಮೇಲೆ ನಿಂತು ಊರುಗಳ ಹೆಸರು ಕೂಗುತ್ತಾನೆ. ಆಯಾ ಕಂಬದ ಬುಡದಲ್ಲಿ ಕೂತವರು "ಬಂದಿದ್ದೀವಿ!" ಎನ್ನುತ್ತಾರೆ. ಮೂರು ಸಲ ಕೂಗಿದರೂ ಒಂದು ಊರಿನಿಂದ ಉತ್ತರ ಬರಲಿಲ್ಲವೆಂದರೆ, ಆ ಊರಿನಲ್ಲಿ ಸಾವಾಗಿದೆ ಎಂದೇ ಅರ್ಥ. ಸಭೆ ನಿಲ್ಲುತ್ತಿತ್ತು. ಎಲ್ಲರೂ ಎದ್ದು ಆ ಊರಿನ ಕಡೆ ನಡೆಯುತ್ತಿದ್ದರು. ಫೋನಿಲ್ಲದ ಕಾಲದಲ್ಲಿ ಹೀಗೆ ಎಷ್ಟೋ ಸಲ ಹೆಣ ಎತ್ತುವ ಹೊತ್ತಿಗೆ ಸರಿಯಾಗಿ ನಮ್ಮ ಜನ ಹೋಗಿ ಹೆಗಲು ಕೊಟ್ಟಿದ್ದಾರಂತೆ. ಒಂದು ಸಲ ಮಾತ್ರ ಗಿಳಿಕಂಬದ ಊರಿಗೆ ಊರೇ ಅಳುತ್ತ ಹೋದರೆ, ಅಲ್ಲಿ ಎಲ್ಲರೂ ಮದುವೆಮನೆಯಲ್ಲಿ ಬಾಡೂಟ ಹೊಡೆಯುತ್ತಿದ್ದರಂತೆ. ಅಳುತ್ತ ಹೋದವರು ತೇಗುತ್ತ ಬಂದರು.

ಊರು ಕೂಗುವ ಕೆಲಸ ಗಂಗುಲಪ್ಪ ಎಂಬುವವರದು. ಅವರಾದ ಮೇಲೆ ಅದು ನನ್ನ ಪಾಲಿಗೆ ಬಂತು. ನನ್ನ ಹತ್ತಿರ ಬಾಡಿಗೆಗೆ ಕೊಡುವ ಮೈಕ್ ಇತ್ತು, ಜಾತ್ರೆ ಮದುವೆಗಳಲ್ಲಿ ಜನರನ್ನು ನಗಿಸುವ ಮಿಮಿಕ್ರಿ ಇತ್ತು, ಬಿ.ಎ. ಇತ್ತು, ಕೆಲಸ ಇರಲಿಲ್ಲ. ಆದರೆ ಜನರಿಗೆ ನನ್ನ ಗಂಟಲು ಒಗ್ಗಲಿಲ್ಲ. "ಲೇ ವೆಂಕಟಾ, ಗಂಗುಲಪ್ಪನ ಥರಾನೇ ಕೂಗ್ಲಾ" ಎಂದು ಹಟ ಹಿಡಿದರು. ಹಾಗಾಗಿ ನಾನು ಗಂಗುಲಪ್ಪನ ಮೂಗಿನ ದನಿಯಲ್ಲಿ, ಎರಡು ಊರಿಗೊಮ್ಮೆ ಅವರ ಬೀಡಿ ಕೆಮ್ಮನ್ನೂ ಸೇರಿಸಿ ಕೂಗುತ್ತಿದ್ದೆ. ಮುದುಕಿಯರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು.

ಈ ನಡುವೆ ಬೆಣಚುಕುಂಟೆ ಹೋಯಿತು. ಹೋಯಿತು ಎಂದರೆ, ವೇಮಗಲ್ ಕಡೆ ಕೈಗಾರಿಕೆಗೆಂದು ಸರ್ಕಾರ ಜಮೀನು ಹಿಡಿಯುತ್ತ ಬಂದಾಗ ಈ ಊರು ಸರಿಯಾಗಿ ನಡುವೆ ಸಿಕ್ಕಿಕೊಂಡಿತು. ಹಿಪ್ಪುನೇರಳೆ ತೋಟಗಳು ಮೊದಲು ಹೋದವು, ಮನೆಗಳು ಆಮೇಲೆ. ಜನಕ್ಕೆ ಒಂದೇ ಕಡೆ ಸೈಟು ಕೊಡುವ ಮಾತಿತ್ತು, ಅದು ಮಾತಾಗಿಯೇ ಉಳಿಯಿತು. ಕೆಲವರು ಮಾಲೂರಿಗೆ ಹೋದರು, ಕೆಲವರು ಕೋಲಾರಕ್ಕೆ. ಕೆಲವರು ಹೆಂಡತಿಯ ತವರಿಗೆ ಹೋಗಿ, ಇರುವಷ್ಟು ದಿನವೂ ನೆಂಟರಾಗಿಯೇ ಉಳಿದರು.

ಆವಲಪ್ಪಣ್ಣ ಮಾಲೂರಿಗೆ ಹೋದರು. ಎಪ್ಪತ್ತು ದಾಟಿದ ಮನುಷ್ಯ, ರೇಷ್ಮೆ ಹುಳು ಸಾಕಿ ಸಾಕಿ ಅವರ ಮಾತೂ ನಯವಾಗಿತ್ತು. ಹೆಂಡತಿ ದೊಡ್ಡಗಂಗಮ್ಮ ಊರಿದ್ದಾಗಲೇ ತೀರಿಕೊಂಡಿದ್ದರು. ಮಗಳು ಆಶಾರಾಣಿ ಅಲ್ಲಿ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದಳು, ಅವಳ ಬಾಡಿಗೆ ಮನೆಯಲ್ಲಿ ಇವರೂ ಸೇರಿಕೊಂಡರು. ಆದರೆ ನಮ್ಮ ಹಾಲಿನಲ್ಲಿ ಸಭೆ ಎಂದು ಯಾರಿಂದಲಾದರೂ ತಿಳಿದರೆ ಸಾಕು, ಬಸ್ಸು ಹಿಡಿದು ಬಂದು ಜನಿವಾರದ ಕಂಬದ ಬುಡದಲ್ಲಿ ಟವೆಲ್ ಹಾಸಿ ಕೂರುತ್ತಿದ್ದರು. ನಾನು "ಬೆಣಚುಕುಂಟೇ..." ಎಂದು ಎಳೆದು ಕೂಗಿದರೆ ಅವರೊಬ್ಬರೇ "ಬಂದಿದ್ದೀವಿ!" ಎನ್ನುತ್ತಿದ್ದರು.

ಒಂದು ಸಲ ನಾನು ಮೈಕಿನಲ್ಲೇ ಕಾಲೆಳೆದೆ. "ಯಾರ್ಯಾರು ಬಂದಿದ್ದೀರಣ್ಣಾ?"

"ನಾನೂ ಬಂದಿದ್ದೀನಿ, ಕಂಬಾನೂ ಬಂದೈತೆ. ಇಬ್ರಾದ್ರೆ ಬಂದಿದ್ದೀವಿ ಅನ್ನಬಾರ್ದೇನ್ಲಾ? ನಿಂಗೆ ಬಿ.ಎ. ಕೊಟ್ಟೋನು ಯಾವನ್ಲಾ?"

ಹಾಲೆಲ್ಲ ನಕ್ಕಿತು. ಅವರೂ ನಕ್ಕರು. ಸಭೆ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ನಗ್ಸು, ಬ್ಯಾಡ ಅನ್ನಲ್ಲ. ಆದ್ರೆ ನಾನು ಬರೋದು ತಡವಾದ್ರೆ ಇನ್ನೊಂದ್ಸಲ ಜಾಸ್ತಿ ಕೂಗಪ್ಪಾ. ಬಸ್ಸು ಸರ್ಯಾಗಿ ಸಿಗಲ್ಲ. ಮೂರು ಸಲಕ್ಕೇ ನಿಲ್ಲಿಸ್ಬಿಟ್ರೆ, ನಮ್ಮೂರಲ್ಲಿ ಸಾವಾಗೈತೆ ಅಂತಾರೆ" ಎಂದರು.

ಹೋದ ವರ್ಷದ ಮಳೆಗೆ ಹಾಲಿನ ಚಾವಣಿಯ ಒಂದು ಮೂಲೆ ಕುಸಿಯಿತು. ಇಂಜಿನಿಯರುಗಳು ಬಂದು ಗೋಡೆ ತಟ್ಟಿದರು, ತಲೆ ಅಲ್ಲಾಡಿಸಿದರು. ಕೆಡವಿ ಹೊಸದು ಕಟ್ಟುವುದೆಂದು ತೀರ್ಮಾನವಾಯಿತು. ಕೆಳಗೆ ಅಂಗಡಿ ಮಳಿಗೆ, ಮೇಲೆ ಮಿನಿ ಹಾಲು, ಪ್ಲಾಸ್ಟಿಕ್ ಕುರ್ಚಿ. ಕೊನೆಯ ಸಭೆಯಲ್ಲಿ ನಾನು "ಕಂಬ ಹೋಗಿ ಕಂಬನಿ ಉಳೀತು" ಎಂದೆ. ಚಪ್ಪಾಳೆ ಬಿತ್ತು. ಅವತ್ತು ಅದು ನನಗೆ ಬರೀ ಒಂದು ಮಾತು.

ಕೆಡವುವ ಗುತ್ತಿಗೆ ಹಿಡಿದ ಚಂದ್ರಮೋಹನ್ ಒಳ್ಳೆಯವನೇ. ಅದೇ ಸಭೆಯಲ್ಲಿ ಎದ್ದು ನಿಂತು, "ಕಂಬ ನಿಮ್ಮ ಊರುಗಳ್ದು, ನಾನು ಮುಟ್ಟಲ್ಲ. ಶನಿವಾರದೊಳಗೆ ಸೂರು ಇಳಿಸಿ, ಭಾನುವಾರ ಜೆಸಿಬಿ ತರಿಸ್ತೀನಿ, ಕಿತ್ತು ಕೊಡ್ತೀನಿ, ನಿಮ್ ನಿಮ್ಮೂರಿಗೆ ತಗೊಂಡೋಗಿ ನಿಲ್ಲಿಸ್ಕೊಳ್ಳಿ. ಸೋಮವಾರ ಬೆಳಿಗ್ಗೆಗೆ ಏನು ಉಳಿದಿರ್ತದೋ ಅದು ಕ್ರಷರ್‌ಗೆ ಹೋಗ್ತದೆ. ಆಮೇಲೆ ನನ್ನ ಬೈಬಾರ್ದು" ಎಂದ.

ಎಲ್ಲರೂ ಒಪ್ಪಿದರು. ಆವಲಪ್ಪಣ್ಣನೂ ಕೈ ಎತ್ತಿ ಒಪ್ಪಿದರು. ಎಲ್ಲಿ ನಿಲ್ಲಿಸುತ್ತೀರಿ ಎಂದು ಅವರನ್ನು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಭಾನುವಾರ ಜಾತ್ರೆಯಂತೆ ಟ್ರ್ಯಾಕ್ಟರುಗಳು ಬಂದವು. ಒಂದೊಂದು ಕಂಬ ನೆಲದಿಂದ ಮೇಲೆ ಬಂದಂತೆ ಆ ಊರಿನ ಹೆಂಗಸರು ಅರಿಶಿನ ಕುಂಕುಮ ಹಚ್ಚಿ ಹೂವು ಸುತ್ತಿದರು. ತಮಟೆ ಬಾರಿಸಿಕೊಂಡು ಕರೆದುಕೊಂಡು ಹೋದರು. ಗಿಳಿಕಂಬಕ್ಕೆ ಅದರ ಊರಿನ ಬಸ್ ಸ್ಟ್ಯಾಂಡಿನ ಹತ್ತಿರ ಕಟ್ಟೆ ಸಿದ್ಧವಾಗಿತ್ತು. ಕೋಳಿಕಂಬದ ಊರಿನ ಅಮರನಾಥ್ ತಮ್ಮ ಊರಿನ ಹುಡುಗರಿಗೆಲ್ಲ ಒಂದೇ ಬಣ್ಣದ ಬನಿಯನ್ ಹೊಲಿಸಿದ್ದ, ಎದೆಯ ಮೇಲೆ ಕೋಳಿ. ಮೂರು ತಲೆಮಾರು ನಾಚಿಕೊಂಡಿದ್ದ ಕೋಳಿಯನ್ನು ನಾಲ್ಕನೆಯ ತಲೆಮಾರು ಎದೆಗೆ ಹಚ್ಚಿಕೊಂಡಿತ್ತು.

ಮಧ್ಯಾಹ್ನದ ಹೊತ್ತಿಗೆ ಜನಿವಾರದ ಕಂಬ ಒಂದೇ ಉಳಿಯಿತು. ಜೆಸಿಬಿ ಅದನ್ನೂ ಕಿತ್ತು ನನ್ನ ಚಿಕ್ಕಪ್ಪನ ಮಗ ಮುರಳಿಮೋಹನನ ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ಮಲಗಿಸಿತು. ಬಿಳಿಯ ಪಂಚೆ ಉಟ್ಟು ಬಂದಿದ್ದ ಆವಲಪ್ಪಣ್ಣ ಜೇಬಿನಿಂದ ಕುಂಕುಮದ ಪೊಟ್ಟಣ ತೆಗೆದು ತಾವೇ ಹಚ್ಚಿದರು.

"ಎಲ್ಲಿಗೆ ಬಿಡ್ಲಿ ಮಾವ?" ಎಂದ ಮುರಳಿ.

ಅವರು ಸುತ್ತ ನೋಡಿದರು. ಆಗ ಅಮರನಾಥ್ ಹತ್ತಿರ ಬಂದ. "ಆವಲಪ್ಪಣ್ಣಾ, ನಮ್ಮೂರಿಗೇ ಕಳಿಸ್ಬಿಡು. ನಮ್ಮ ಕಂಬದ ಪಕ್ಕ ಜಾಗ ಐತೆ. ಜೋಡಿ ಕಾಣ್ತದೆ."

"ನಿಮ್ಮೂರಲ್ಲಾ?" ಆವಲಪ್ಪಣ್ಣ ನಕ್ಕರು. "ನಮ್ಮ ಕೆರೆಕುಂಟೆ ತೂಬಿಗೆ ನಿಮ್ಮ ತಾತ ರಾತ್ರೋರಾತ್ರಿ ಮಣ್ಣು ಹಾಕ್ದೋನು ಕಣೋ. ಅದ್ಕೆ ನಮ್ಮಪ್ಪ ಸಾಯೋಗಂಟ ನಿಮ್ಮೂರಲ್ಲಿ ನೀರು ಮುಟ್ಲಿಲ್ಲ."

"ಆಯ್ತಣ್ಣಾ, ಈಗ ಆ ಕುಂಟೇನೂ ಇಲ್ಲ, ನಮ್ಮ ತಾತಾನೂ ಇಲ್ಲ..."

"ಗೊತ್ತಪ್ಪಾ. ನೀನು ಒಳ್ಳೆ ಮನಸ್ಸಿಂದ ಕೇಳ್ತಿದ್ದೀಯ. ಆದ್ರೆ ಅಲ್ಲಿ ನಿಲ್ಲಿಸಿದ್ರೆ ನಾಳೆ ಹುಟ್ಟೋ ಕೂಸು, ಇದ್ಯಾವುದು ಅಂದ್ರೆ, ಇದೂ ನಮ್ಮೂರ್ದೇ ಅಂತೀರಾ. ಅನ್ನಬಾರ್ದು ಅಂತ ನಾನು ಹೆಂಗೆ ಹೇಳ್ಲಿ?"

ಆವಲಪ್ಪಣ್ಣ ನನ್ನ ಕೈಗೆ ಫೋನ್ ಕೊಟ್ಟು, "ಪಾಪೂಗೆ ಹಾಕ್ಕೊಡು" ಎಂದರು. ಪಾಪು ಎಂದರೆ ನಲವತ್ತರ ಆಶಾರಾಣಿ. ಸ್ಪೀಕರಿನಲ್ಲಿ ಅವಳ ದನಿ ಎಲ್ಲರಿಗೂ ಕೇಳಿತು.

"ಅಪ್ಪಾ, ನಾವಿರೋದು ಎರಡನೇ ಮಹಡಿ ಅಪ್ಪಾ. ತುಳಸಿ ಕುಂಡ ಇಟ್ಟಿದ್ದಕ್ಕೇ ಓನರ್ ಆಂಟಿ ಮುಖ ಊದಿಸ್ಕೊಂಡವ್ರೆ. ಕಂಬ ಎಲ್ಲಿಡ್ಲಿ ಹೇಳು?"

"ಕೆಳಗೆ ಗಾಡಿ ನಿಲ್ಸೋ ಜಾಗದಲ್ಲಿ..."

"ಅದು ಅವರ ಕಾರ್‌ದು. ಅಪ್ಪಾ... ಬ್ಯಾಡ ಅಂತ ಹೇಳ್ತಿಲ್ಲ ಕಣಪ್ಪಾ. ಜಾಗ ಇಲ್ಲ."

"ಆಯ್ತು ಬಿಡು ಪಾಪು, ಊಟ ಮಾಡು" ಎಂದು ಅವರೇ ಸಮಾಧಾನ ಹೇಳಿ ಫೋನಿಟ್ಟರು. ಆಮೇಲೆ ಟ್ರೇಲರ್ ಹತ್ತಿ ಕಂಬದ ಪಕ್ಕ ಕೂತು, "ಊರಿಗೇ ನಡಿಯಪ್ಪಾ" ಎಂದರು. ನಾನೂ ಹತ್ತಿ ಕೂತೆ.

ಬೆಣಚುಕುಂಟೆಗೆ ಈಗ ನಾಲ್ಕು ಪಥದ ರಸ್ತೆ ಇದೆ. ಊರಿದ್ದಾಗ ಅಲ್ಲಿಗೆ ಡಾಂಬರೇ ಬಂದಿರಲಿಲ್ಲ. ಕಣ್ಣು ಹಾಯುವವರೆಗೆ ಕಾಂಪೌಂಡು, ಅದರೊಳಗೆ ನೀಲಿ ಶೆಡ್ಡುಗಳು. ಗೇಟಿನ ಹತ್ತಿರ ಸೆಕ್ಯುರಿಟಿಯವನು ಓಡಿ ಬಂದ. ಶ್ರೀನಿವಾಸಪುರದ ಕಡೆಯ ಹುಡುಗ, ಕನ್ನಡ ತೆಲುಗು ಎರಡೂ ಒಟ್ಟಿಗೆ ಉದುರುತ್ತಿದ್ದವು.

"ತಾತಾ, ಎಕ್ಕಡಿಕಿ, ಎಲ್ಲಿಗೆ? ಗೇಟ್ ಪಾಸ್ ಐತಾ?"

"ಹಿತ್ಲಿಗೆ ಹೋಗಕ್ಕೆ ಪಾಸ್ ಯಾತಕ್ಕಪ್ಪಾ? ಅಗೋ ಆ ಎರಡನೇ ಶೆಡ್ಡು ಐತಲ್ಲ, ಅಲ್ಲಿ ನಮ್ಮ ಹುಳದ ಮನೆ. ಈ ಗೇಟಿನತ್ರ ಅರಳಿಕಟ್ಟೆ. ನೀನು ನಿಂತಿದ್ದೀಯಲ್ಲ, ಅಲ್ಲೇ ನಾವು ಚೌಕಾಬಾರ ಆಡ್ತಿದ್ದಿದ್ದು. ಒಂದು ಕಂಬ ಐತೆ. ಈ ಮೂಲೇಲಿ ನಿಲ್ಲಿಸ್ಕೊಂಡು ಹೋಗ್ತೀನಿ. ಯಾರ ದಾರಿಗೂ ಅಡ್ಡ ಬರಲ್ಲ."

ಹುಡುಗ ಕಂಬವನ್ನು ನೋಡಿದ, ಮುದುಕನನ್ನು ನೋಡಿದ. ಒಳಗೆ ಯಾರಿಗೋ ಫೋನ್ ಮಾಡಿದ. ನಿಂತಲ್ಲೇ "ಸಾರ್, ಸಾರ್" ಎನ್ನುತ್ತ ಎರಡು ಸಲ ಬೈಸಿಕೊಂಡ. ವಾಪಸು ಬಂದು, "ವದ್ದಂಟುನ್ನಾರು ತಾತಾ, ಬ್ಯಾಡ್ವಂತೆ. ನಾನು ಬಿಟ್ರೆ ನಂಗೆ ಕೆಲ್ಸ ಹೋಗ್ತದೆ" ಎಂದ.

"ಬ್ಯಾಡಪ್ಪಾ. ನಮ್ಮೂರು ನಿಂಗಾದ್ರೂ ಒಂದು ತುತ್ತು ಅನ್ನ ಕೊಡ್ಲಿ" ಎಂದರು ಆವಲಪ್ಪಣ್ಣ. ಆ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಗೊತ್ತಾಗುತ್ತಿತ್ತು, ಕೊಂಕು ನನ್ನ ಕಸುಬು.

ಕಾಂಪೌಂಡಿನ ಬೆನ್ನಿಗೆ ಊರಿನ ಮಸಣ ಇನ್ನೂ ಉಳಿದಿದೆ. ಸತ್ತವರನ್ನು ಎಬ್ಬಿಸುವುದು ಬೇಡವೆಂದು ಅಷ್ಟು ಜಾಗ ಬಿಟ್ಟಿದ್ದರು. ಬೆಣಚುಕುಂಟೆಯವರಿಗೆ ಈ ಭೂಮಿಯ ಮೇಲೆ ತಮ್ಮದು ಎನ್ನುವುದಕ್ಕೆ ಉಳಿದಿರುವುದು ಅದೊಂದೇ. ಒಂದು ಹುಣಸೆ ಮರ, ಲಾಂಟಾನ ಪೊದೆ, ಅಲ್ಲಲ್ಲಿ ನಿಂತ ಮೊಣಕಾಲೆತ್ತರದ ಕಲ್ಲುಗಳು. ಆ ಊರಿನ ಪದ್ಧತಿಯಂತೆ ಮಣ್ಣು ಮಾಡಿದ ಐದನೆಯ ದಿನ ತಲೆಯ ಹತ್ತಿರ ಕಲ್ಲು ನಿಲ್ಲಿಸಿ, ಅದರ ಮೇಲೆ ಹಾಲುತುಪ್ಪ ಬಿಡುತ್ತಾರೆ. ಬಿಟ್ಟರೆ ಸತ್ತವರ ಋಣ ಹರಿಯಿತು. ಆಮೇಲೆ ಅವರನ್ನು ಮನೆಗೆ ಕರೆಯುವ ಹಾಗಿಲ್ಲ.

ಅದರ ಅಂಚಿನಲ್ಲಿ ಮುರಳಿ ಟ್ರ್ಯಾಕ್ಟರ್ ನಿಲ್ಲಿಸಿದ. ಅವನಿಗೆ ಅಷ್ಟು ಸೂಕ್ಷ್ಮ ಸಾಲದು. "ಮಾವ, ಇಲ್ಲೇ ನಿಲ್ಲಿಸ್ಬಿಡೋಣ. ನಿಮ್ಮೂರ ಜಾಗಾನೇ, ಯಾರೂ ಕೇಳಲ್ಲ" ಎಂದ.

ಆವಲಪ್ಪಣ್ಣನಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಏನ್ಲಾ ಅಂದೆ? ಇಲ್ಲಿ ನಿಂತಿರೋ ಕಲ್ಲೆಲ್ಲ ಯಾರ್ದು ಗೊತ್ತೇನ್ಲಾ ನಿಂಗೆ? ಉಸಿರಾಡ್ತಿರೋರ್ಗೆ ಇಲ್ಲಿ ಕಲ್ಲು ನಿಲ್ಲಿಸ್ತಾರೇನ್ಲಾ? ಮುನಿಯಲ್ಲಮ್ಮ ಕೋಲಾರದಲ್ಲವ್ಳೆ, ಶ್ರೀರಾಮಪ್ಪನ ಮಕ್ಕಳು ಮಾಲೂರಲ್ಲವ್ರೆ, ನಾನಿಲ್ಲಿ ನಿಂತಿದ್ದೀನಿ. ನಮ್ಮೂರು ಸತ್ತೈತೆ ಅಂತ ಯಾವನ್ಲಾ ಹೇಳ್ದೋನು?"

ಮುರಳಿ ತಲೆ ತಗ್ಗಿಸಿದ. ಆವಲಪ್ಪಣ್ಣ ಟ್ರೇಲರಿನಿಂದ ಇಳಿದು ಪೊದೆಗಳನ್ನು ಸರಿಸಿಕೊಂಡು ಹೋಗಿ ಒಂದು ಕಲ್ಲಿನ ಹತ್ತಿರ ಕೂತರು. ಅದು ದೊಡ್ಡಗಂಗಮ್ಮನದು. ಮೇಲೆ ಬಿದ್ದಿದ್ದ ಹುಣಸೆ ತರಗನ್ನು ಟವೆಲಿನಿಂದ ಒರೆಸಿದರು. ನಾನು ದೂರದಲ್ಲೇ ನಿಂತೆ. ಗೋಡೆಯ ಆಚೆ ಯಾವುದೋ ಯಂತ್ರ ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಕತ್ತೆ, ಕಪ್ಪೆ, ಮಂತ್ರಿ, ಮಿಕ್ಸಿ, ಎಲ್ಲವನ್ನೂ ಅಣಕಿಸುವ ನಾನು ಆ ಸದ್ದನ್ನು ಬರೀ ಕೇಳುತ್ತ ನಿಂತಿದ್ದೆ.

"ಬಾರಪ್ಪಾ ವೆಂಕಟಾ" ಎಂದು ಕರೆದರು. ಹೋಗಿ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತೆ.

"ಹೊಸ ಹಾಲಲ್ಲೂ ಊರು ಕೂಗ್ತೀಯಾ?"

ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ. "ಇಲ್ಲಣ್ಣಾ. ಕುರ್ಚಿ ಹಾಕ್ತಾರಂತೆ. ಯಾರ್ ಎಲ್ಲಿ ಬೇಕಾದ್ರೂ ಕೂರಬೋದು. ಯಾವ ಊರೂ ಕೂಗಲ್ಲ."

"ಹೂಂ." ಕಲ್ಲಿನ ಬುಡದ ಹುಲ್ಲೊಂದನ್ನು ಕಿತ್ತರು. "ಅಲ್ಲಪ್ಪಾ, ಇಷ್ಟು ದಿನ ನೀನು ಕೂಗ್ತಿದ್ದೆ, ನಾನು ಬಂದಿದ್ದೀವಿ ಅಂತಿದ್ದೆ. ನಾನು ಹಂಗಂದ್ರೆ ಊರು ಐತೆ ಅಂತ, ಅಷ್ಟೇ. ಇನ್ಮೇಲೆ ಕೇಳೋರೇ ಇಲ್ಲ ಅಂದ್ಮೇಲೆ, ಬದುಕೈತೆ ಅಂತ ಯಾರ ಹತ್ರ ಹೋಗಿ ಹೇಳ್ಕೊಳ್ಳೋದು? ಬಸ್ಸಲ್ಲಿ ಕೂತಿರೋರ್ಗಾ?"

"ಅಮರನಾಥನ ಊರಲ್ಲೇ..."

"ಬ್ಯಾಡ." ಅವರು ಕಂಬದ ಕಡೆ ನೋಡಿದರು. ಟ್ರೇಲರಿನಲ್ಲಿ ಅದು ಉದ್ದಕ್ಕೆ ಮಲಗಿತ್ತು, ಹಣೆಗೆ ಕುಂಕುಮ, ಮೈಮೇಲೆ ಬಿಸಿಲು. ನೋಡುತ್ತ ನೋಡುತ್ತ ಅವರ ಮುಖ ಬದಲಾಯಿತು. ನನಗೂ ಆಗ ಕಂಡದ್ದು ಅವರಿಗೆ ಕಂಡದ್ದೇ.

"ಗಂಗಮ್ಮ ಹೋದಾಗ" ಎಂದರು, "ಪಾಪು ಬರ್ಲಿ ಅಂತ ಒಂದು ರಾತ್ರಿ ಅಂಗಳದಲ್ಲಿ ಮಲಗಿಸ್ಕೊಂಡಿದ್ವಿ. ಬೆಳಿಗ್ಗೆ ಹಿರೀಕರು ಬಂದು, ಸಾಕು ಎತ್ತಪ್ಪಾ, ಅವಳಿಗೂ ಹಿಂಸೆ ಅಂದ್ರು. ನಾನು ಆಗ್ಲಿ ಅನ್ನಕ್ಕೆ ಬಹಳ ಹೊತ್ತು ತಗೊಂಡೆ ಕಣಪ್ಪಾ." ಮಣ್ಣಿಗೆ ಕೈಯೂರಿ ಎದ್ದರು. "ಇದನ್ನ ಅದಕ್ಕಿಂತ ಜಾಸ್ತಿ ದಿನ ಅಂಗಳದಲ್ಲಿ ಮಲಗಿಸ್ಕೊಂಡ್ಬಿಟ್ಟೆ. ಮುರಳೀ, ಇಳಿಸಪ್ಪಾ."

"ಮಾವ, ನಾನೇನೋ ಬಾಯಿಗೆ ಬಂದಂಗೆ..."

"ನೀನು ಅಂದಿದ್ದಕ್ಕಲ್ಲ ಕಣೋ. ಇಳಿಸು."

ಚಂದ್ರಮೋಹನನಿಗೆ ಫೋನ್ ಮಾಡಿದೆ. ಜೆಸಿಬಿ ಕಳಿಸಿದ, ಬಾಡಿಗೆಯ ಮಾತೆತ್ತಲಿಲ್ಲ. ಹುಣಸೆ ಮರದ ಪಕ್ಕ ಗುಂಡಿ ತೋಡಿ, ಸಂಜೆಗೆ ಕಂಬ ನಿಲ್ಲಿಸಿದೆವು. ಸುತ್ತಲ ಕಲ್ಲುಗಳೆಲ್ಲ ಮೊಣಕಾಲೆತ್ತರ, ಇದು ಮಾತ್ರ ಆಳೆತ್ತರವನ್ನೂ ಮೀರಿ ನಿಂತಿತು. ಮಕ್ಕಳ ನಡುವೆ ಎದ್ದು ನಿಂತ ತಾಯಿಯ ಹಾಗೆ ಎಂದು ನಾನು ಹೇಳಲು ಹೊರಟವನು ನಾಲಗೆ ಕಚ್ಚಿಕೊಂಡೆ.

ಐದನೆಯ ದಿನ ಬೆಣಚುಕುಂಟೆಯವರು ಬಂದರು. ಆವಲಪ್ಪಣ್ಣ ಒಬ್ಬೊಬ್ಬರಿಗೂ ಫೋನ್ ಮಾಡಿಸಿ ಹೇಳಿದ್ದು ಒಂದೇ ಮಾತಂತೆ. "ನಮ್ಮೂರಿಗೆ ಹಾಲುತುಪ್ಪ ಐತೆ, ಬನ್ನಿ." ಕೇಳಿದವರು ಯಾರೂ ಏನು ಎತ್ತ ಎಂದು ಮತ್ತೆ ಕೇಳಲಿಲ್ಲವಂತೆ. ಕಂಪನಿಗೆ ರಜೆ ಹಾಕಿ ಬಂದವರು, ಆಟೋದಲ್ಲಿ ಬಂದವರು, ಮೊಮ್ಮಗನ ಬೈಕಿನ ಹಿಂದೆ ಕೂತು ಬಂದವರು. ಮಸಣದ ಅಂಚಿನಲ್ಲಿ ಒಬ್ಬರನ್ನೊಬ್ಬರು ಕಂಡು, "ಎಷ್ಟು ಬೆಳ್ಳಗಾಗ್ಬಿಟ್ಟಿದ್ದೀಯಲ್ಲೇ!" "ನೀನು ಕೋಲಾರದಲ್ಲಿ ಎ.ಸಿ. ಹಾಕ್ಸ್ಕೊಂಡಿದ್ದೀಯಂತೆ, ಕರ್ರಗೇ ಇದ್ದೀಯಲ್ಲೋ!" ಎಂದು ಕೂಗಾಡಿದರು. ಪಕ್ಕ ಪಕ್ಕದ ಮನೆಯವರಾಗಿದ್ದವರು ಈಗ ವಿಳಾಸ ಕೇಳಿಕೊಂಡರು. ಆ ಸದ್ದು ಕೇಳಿ ಗೇಟಿನ ಹುಡುಗ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಬಂದು ದೂರ ನಿಂತ.

ಆಮೇಲೆ ಮುನಿಯಲ್ಲಮ್ಮಜ್ಜಿ ಕಂಬದ ಬುಡದಲ್ಲಿ ಕೂತು ಹಾಡಿಕೊಂಡು ಅಳಲು ಶುರು ಮಾಡಿದಳು.

"ಗಂಡ ಹೋದಾಗ ಅಳಕ್ಕೆ ಊರಿತ್ತಲ್ಲೋ ನಮ್ಮಪ್ಪಾ, ಮಗ ಹೋದಾಗ ಹಿಡ್ಕೊಳ್ಳಕ್ಕೆ ಊರಿತ್ತಲ್ಲೋ ನಮ್ಮಪ್ಪಾ, ನೀನೇ ಹೋದ್ರೆ ಯಾರ ತೊಡೆ ಮ್ಯಾಲೆ ತಲೆ ಇಡ್ಲೋ ನಮ್ಮಪ್ಪಾ..."

ಒಬ್ಬೊಬ್ಬರಾಗಿ ಎಲ್ಲ ಹೆಂಗಸರೂ ಅವಳ ಸುತ್ತ ಕೂತರು. ಗಂಡಸರು ಮುಖ ತಿರುಗಿಸಿ ಗೋಡೆಯ ಕಡೆ ನೋಡಿದರು. ಆಶಾರಾಣಿ ತಾನು ತಂದಿದ್ದ ಹಾಲುತುಪ್ಪದ ಚೊಂಬನ್ನು ಆವಲಪ್ಪಣ್ಣನ ಕೈಗೆ ಕೊಟ್ಟಳು. ಅವರು ಪಂಚೆ ಎತ್ತಿ ಕಟ್ಟಿ, ಮುರಳಿ ಹಿಡಿದ ಏಣಿಯ ಮೇಲೆ ಎರಡು ಮೆಟ್ಟಿಲು ಹತ್ತಿದರು. ಹಾಲು ಕಂಬದ ನೆತ್ತಿಯಿಂದ ಇಳಿದು ಮಣ್ಣು ಸೇರಿತು. ಹಾಲು ಯಾವುದು, ಬೆಣಚು ಯಾವುದು ತಿಳಿಯಲಿಲ್ಲ.

ಎಲ್ಲರೂ ಬಿಟ್ಟರು. ಮಕ್ಕಳ ಕೈಯಲ್ಲೂ ಬಿಡಿಸಿದರು. ಕೊನೆಗೆ ಒಬ್ಬ ಹಿರಿಯ, "ನಡೀರಪ್ಪಾ, ಆಯ್ತು. ಯಾರೂ ತಿರುಗಿ ನೋಡ್ಬಾರ್ದು, ಸೀದಾ ಹೋಗ್ತಿರಿ" ಎಂದ. ಮಸಣದಿಂದ ಹೊರಟವರು ಹಿಂದಿರುಗಿ ನೋಡಬಾರದು. ನೋಡಿದರೆ ಹೋದವರಿಗೆ ಹೋಗಲು ಮನಸ್ಸು ಬರುವುದಿಲ್ಲ. ಜನ ತಲೆ ಬಗ್ಗಿಸಿ ರಸ್ತೆಯ ಕಡೆ ಹೊರಟರು. ಯಾರೂ ಕತ್ತು ತಿರುಗಿಸಲಿಲ್ಲ.

ಆವಲಪ್ಪಣ್ಣನೂ ತಿರುಗಲಿಲ್ಲ. ಹೊರಡುವಾಗಲೂ ಕಂಬದ ಕಡೆಗೇ ಮುಖ ಮಾಡಿ ನಿಂತಿದ್ದವರು ಹಾಗೆಯೇ ಒಂದು ಹೆಜ್ಜೆ ಹಿಂದಕ್ಕಿಟ್ಟರು, ಇನ್ನೊಂದು ಹೆಜ್ಜೆ ಹಿಂದಕ್ಕಿಟ್ಟರು.

"ಅಪ್ಪಾ, ಏನ್ ಮಾಡ್ತಿದ್ದೀಯ?" ಎಂದಳು ಆಶಾರಾಣಿ.

"ನಾನೆಲ್ಲಿ ತಿರುಗಿ ನೋಡ್ತಿದ್ದೀನಿ? ಸೀದಾ ನೋಡ್ತಿದ್ದೀನಿ" ಎಂದರು.

ಅವಳು ಅಪ್ಪನ ಮೊಣಕೈ ಹಿಡಿದು, ಹಿಂದೆ ಕಲ್ಲಿದೆಯೋ ಹಳ್ಳವಿದೆಯೋ ತಾನೇ ನೋಡಿಕೊಂಡು, "ಇಲ್ಲಿ ಮೆಲ್ಲಗೆ... ಇಲ್ಲೊಂದು ಬೇರು ಐತೆ..." ಎನ್ನುತ್ತ ಅವರನ್ನು ಹಿಂದಕ್ಕೆ ಹಿಂದಕ್ಕೆ ನಡೆಸಿಕೊಂಡು ಹೋದಳು.